ಹಳೇ ಫಿಲ್ಮ್ ಕ್ಯಾಮೆರಾ ತಗೊಳ್ಳೋ ಮುಂಚೆ ಇಷ್ಟು ನೋಡ್ರಿ
ಗೋಕಾಕ ಫಾಲ್ಸ್: ಘಟಪ್ರಭಾ 52 ಮೀಟರ್ ಧುಮುಕುವ ಇಲ್ಲಿ ಮೊಬೈಲ್‌ನಲ್ಲಿ ನೂರು ಫೋಟೊ ಹೊಡೀಬಹುದು. 35 ಎಂಎಂ ರೋಲ್‌ನಲ್ಲಿ ಸಿಗೋದು 36 ಮಾತ್ರ. ತೊಳೆಸೋವರೆಗೆ ತಪ್ಪು ಕಾಣಲ್ಲ. ಹೊಸಬರಿಗೆ ಮ್ಯಾನ್ಯುವಲ್ ಕ್ಯಾಮೆರಾ ಒಳ್ಳೇದು. 1976ರಿಂದ 1997ರವರೆಗೆ ಬಂದ ಪೆಂಟ್ಯಾಕ್ಸ್ ಕೆ1000ರ ಶಟರ್‌ಗೆ ಬ್ಯಾಟರಿ ಬೇಡ, ಲೈಟ್ ಮೀಟರ್‌ಗಷ್ಟೇ ಬೇಕು.

ದುಡ್ಡು ಕೊಡೋ ಮೊದಲು:
• ಹಿಂಬದಿ ತೆರೆದು 1 ಸೆಕೆಂಡ್, 1/1000 ಎರಡರಲ್ಲೂ ಶಟರ್ ಒತ್ತಿರಿ. ವ್ಯತ್ಯಾಸ ಕಾಣಲೇಬೇಕು.
• ಲೆನ್ಸ್ ಬೆಳಕಿಗೆ ಹಿಡಿಯಿರಿ. ಜೇಡರ ಬಲೆಯಂಥ ಫಂಗಸ್ ಇದ್ದರೆ ಬೇಡ.
• ಬಾಗಿಲಂಚಿನ ಫೋಮ್ ಉದುರುತ್ತಿದ್ದರೆ ಬೆಳಕು ಸೋರಿ ರೋಲ್ ಹಾಳು.

ಮೋಡದ ದಿನ ನೀರು ಹಾಲಿನಂಗ ಕಾಣಬೇಕಂದ್ರೆ 100 ಐಎಸ್ಒ ಫಿಲ್ಮ್, ಟ್ರೈಪಾಡ್, 1/15 ಸೆಕೆಂಡ್. ತೂಗುಸೇತುವೆ ಅಲುಗುವುದರಿಂದ ಅಲ್ಲಿ ಮಾತ್ರ 400ರ ಫಿಲ್ಮ್, 1/500 ಇರಲಿ.