ಪ್ಯೂರ್ ಡೇಟಾ: ಲಿನಕ್ಸ್‌ನಲ್ಲಿ ದೋಷ ಪತ್ತೆ ಮತ್ತು ಪರಿಹಾರ

ಪ್ಯೂರ್ ಡೇಟಾ ಅಥವಾ ಪಿಡಿ ಧ್ವನಿ ಮತ್ತು ಸಂಗೀತ ಸೃಷ್ಟಿಗೆ ಬಳಸುವ ಮುಕ್ತ ತಂತ್ರಾಂಶ. ಇದರಲ್ಲಿ ಸಾಲು ಸಾಲಾಗಿ ಕೋಡ್ ಬರೆಯುವುದಿಲ್ಲ. ಪರದೆಯ ಮೇಲೆ ಆಬ್ಜೆಕ್ಟ್ ಎನ್ನುವ ಚೌಕಗಳನ್ನಿಟ್ಟು, ಅವುಗಳ ನಡುವೆ ಗೆರೆ ಎಳೆದು ಪ್ರೋಗ್ರಾಂ ಕಟ್ಟುತ್ತಾರೆ. ಹೀಗೆ ಕಟ್ಟಿದ್ದನ್ನು ಪ್ಯಾಚ್ ಎನ್ನುತ್ತಾರೆ. ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಮ್ಯಾಕ್ಸ್ ತಂತ್ರಾಂಶವನ್ನು ರೂಪಿಸಿದ ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ಪಿಡಿಯನ್ನು ರಚಿಸಿದರು. ಇದು ಬಿಎಸ್‌ಡಿ ಪರವಾನಗಿಯಡಿ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ.

ಧ್ವನಿಯ ಹಾದಿ

ಲಿನಕ್ಸ್‌ನಲ್ಲಿ ಪಿಡಿಯ ಧ್ವನಿ ಹಲವು ಹಂತ ದಾಟಿ ಸ್ಪೀಕರ್ ಸೇರುತ್ತದೆ: ಪ್ಯಾಚ್, ಪಿಡಿಯ ಎಂಜಿನ್, ಜ್ಯಾಕ್ ಅಥವಾ ಪೈಪ್‌ವೈರ್‌ನಂಥ ಧ್ವನಿ ಸರ್ವರ್, ಕರ್ನಲ್‌ನ ಆಲ್ಸಾ ವ್ಯವಸ್ಥೆ, ಕೊನೆಗೆ ಸೌಂಡ್ ಕಾರ್ಡ್. ಸರ್ವರ್ ಬಿಟ್ಟು ನೇರವಾಗಿ ಆಲ್ಸಾ ಬಳಸುವುದೂ ಉಂಟು. ಯಾವ ಹಂತದಲ್ಲಿ ಕೆಟ್ಟರೂ ಬಳಕೆದಾರರಿಗೆ ಕಾಣುವ ಲಕ್ಷಣ ಹೆಚ್ಚಾಗಿ ಒಂದೇ, ಸದ್ದು ಬರುವುದಿಲ್ಲ. ಆದ್ದರಿಂದ ಹಂತಗಳನ್ನು ಒಂದೊಂದಾಗಿ ಪರೀಕ್ಷಿಸುವುದೇ ದೋಷ ಪತ್ತೆಯ ಮೂಲ ಸೂತ್ರ.

ಸದ್ದೇ ಬಾರದಿದ್ದರೆ

ಮೊದಲು ಮುಖ್ಯ ಕಿಟಕಿಯಲ್ಲಿ ಡಿಎಸ್‌ಪಿ ಗುಂಡಿ ಚಾಲೂ ಇದೆಯೇ ನೋಡಬೇಕು; ಅದು ಆರಿದ್ದರೆ ಪ್ಯಾಚ್ ಎಷ್ಟೇ ಸರಿಯಿದ್ದರೂ ಧ್ವನಿಯ ಲೆಕ್ಕ ನಡೆಯುವುದಿಲ್ಲ. ಬಳಿಕ ಮೀಡಿಯಾ ಮೆನುವಿನ ‘ಟೆಸ್ಟ್ ಆಡಿಯೊ ಅಂಡ್ ಮಿಡಿ’ ಪ್ಯಾಚ್ ತೆರೆದು ಪರೀಕ್ಷಾ ಸ್ವರ ನುಡಿಸಬೇಕು. ಆ ಸ್ವರ ಕೇಳಿಸಿದರೆ ದೋಷ ಇರುವುದು ನಮ್ಮ ಪ್ಯಾಚ್‌ನಲ್ಲಿ; ಕೇಳಿಸದಿದ್ದರೆ ಪಿಡಿಯ ಸೆಟ್ಟಿಂಗ್‌ನಲ್ಲಿ ಅಥವಾ ಅದರಾಚೆಗಿನ ಹಂತಗಳಲ್ಲಿ.

ಪಿಡಿ ನೇರವಾಗಿ ಆಲ್ಸಾ ಬಳಸುವಾಗ ಅದೇ ಕಾರ್ಡನ್ನು ಬ್ರೌಸರ್ ಅಥವಾ ಧ್ವನಿ ಸರ್ವರ್ ಹಿಡಿದುಕೊಂಡಿದ್ದರೆ ‘ಸಾಧನ ಬಿಡುವಿಲ್ಲ’ ಎಂಬರ್ಥದ ದೋಷ ಬರುತ್ತದೆ. ಆಗ ಆ ಪ್ರೋಗ್ರಾಂ ಮುಚ್ಚಬೇಕು, ಇಲ್ಲವೇ ಪಿಡಿಯನ್ನೂ ಸರ್ವರ್ ಮೂಲಕ ನಡೆಸಬೇಕು. ಜ್ಯಾಕ್ ಬಳಸುವವರು ಸರ್ವರನ್ನು ಮೊದಲು ಚಾಲೂ ಮಾಡಿ, ಪಿಡಿಯ ಔಟ್‌ಪುಟ್ ಕಾರ್ಡಿಗೆ ಜೋಡಣೆಯಾಗಿದೆಯೇ ನೋಡಬೇಕು. 2021ರ ಫೆಡೋರಾ 34 ಮತ್ತು 2022ರ ಉಬುಂಟು 22.10ರಿಂದ ಪೈಪ್‌ವೈರ್ ಪೂರ್ವನಿಯೋಜಿತ ಸರ್ವರ್ ಆಗಿದೆ. ಅದು ಜ್ಯಾಕ್‌ನ ಪಾತ್ರವನ್ನೂ ವಹಿಸಬಲ್ಲದು.

ಚಟಪಟ ಸದ್ದು ಮತ್ತು ವಿಳಂಬ

ಪಿಡಿ ಸಾಮಾನ್ಯವಾಗಿ 64 ಸ್ಯಾಂಪಲ್‌ಗಳ ಕಂತಿನಲ್ಲಿ ಧ್ವನಿಯನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ವೇಗದಲ್ಲಿ ಇದು ಸುಮಾರು 1.33 ಮಿಲಿಸೆಕೆಂಡ್. ಕಂತುಗಳು ಸಮಯಕ್ಕೆ ಸಿದ್ಧವಾಗದೆ ಬಫರ್ ಬರಿದಾದರೆ ಚಟಪಟ ಕೇಳಿಸುತ್ತದೆ. ಆಡಿಯೊ ಸೆಟ್ಟಿಂಗ್‌ನ ‘ಡಿಲೇ’ ಮೌಲ್ಯ ಹೆಚ್ಚಿಸಿದರೆ ಸದ್ದು ಸ್ವಚ್ಛವಾಗುತ್ತದೆ, ಆದರೆ ಕೀಲಿ ಒತ್ತಿದ ಮೇಲೆ ಸ್ವರ ಕೇಳುವುದು ತಡವಾಗುತ್ತದೆ. ನೇರ ಪ್ರದರ್ಶನ ನೀಡುವವರು ಚಟಪಟ ನಿಲ್ಲುವ ಕನಿಷ್ಠ ಮೌಲ್ಯವನ್ನು ಹುಡುಕಿಕೊಳ್ಳಬೇಕು. ಬಳಕೆದಾರರಿಗೆ ರಿಯಲ್‌ಟೈಮ್ ಆದ್ಯತೆಯ ಅನುಮತಿ ಇಲ್ಲದಿರುವುದೂ ಕಾರಣವಿರಬಹುದು. ಅನೇಕ ವಿತರಣೆಗಳಲ್ಲಿ ‘ಆಡಿಯೊ’ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದರೆ ಈ ಅನುಮತಿ ದೊರೆಯುತ್ತದೆ.

ಸಿಗದ ಆಬ್ಜೆಕ್ಟ್‌ಗಳು

ಬೇರೆಯವರ ಪ್ಯಾಚ್ ತೆರೆದಾಗ ಕೆಲವು ಚೌಕಗಳ ಅಂಚು ತುಂಡುಗೆರೆಯಾಗಿ ಕಂಡು, ಕನ್ಸೋಲ್‌ನಲ್ಲಿ ‘ಕುಡಂಟ್ ಕ್ರಿಯೇಟ್’ ಎಂಬ ಸಾಲು ಮೂಡುವುದುಂಟು. ಆ ಆಬ್ಜೆಕ್ಟ್ ಇರುವ ಲೈಬ್ರರಿ ಸಿಕ್ಕಿಲ್ಲ ಎಂದು ಇದರರ್ಥ. ಅಭಿವೃದ್ಧಿ ನಿಂತುಹೋದ ಪಿಡಿ-ಎಕ್ಸ್‌ಟೆಂಡೆಡ್ ಆವೃತ್ತಿಯಲ್ಲಿ ಬರೆದ ಹಳೆಯ ಪ್ಯಾಚ್‌ಗಳಲ್ಲಿ ಇದು ಸಾಮಾನ್ಯ. ಪಿಡಿಯೊಳಗೇ ಇರುವ ಡೆಕೆನ್ ಸೌಲಭ್ಯದಿಂದ ಲೈಬ್ರರಿ ಇಳಿಸಿಕೊಂಡು, ‘ಡಿಕ್ಲೇರ್’ ಆಬ್ಜೆಕ್ಟ್ ಮೂಲಕ ಅದರ ಹಾದಿ ತಿಳಿಸಬೇಕು. ಲೈಬ್ರರಿಯು ಯಂತ್ರದ ಪ್ರೊಸೆಸರ್‌ಗೆ ಹೊಂದಬೇಕು. ಇಂಟೆಲ್ ಯಂತ್ರಕ್ಕೆ ಕಟ್ಟಿದ ಕಡತ ರಾಸ್ಪ್‌ಬೆರಿ ಪೈನಲ್ಲಿ ಓಡುವುದಿಲ್ಲ.

ಪ್ಯಾಚ್‌ನೊಳಗಿನ ದೋಷ

ಧ್ವನಿಯ ಗೆರೆ ಸುತ್ತಿ ಬಂದು ತಾನು ಹೊರಟ ಆಬ್ಜೆಕ್ಟನ್ನೇ ಸೇರಿದರೆ ‘ಡಿಎಸ್‌ಪಿ ಲೂಪ್’ ದೋಷ ಬರುತ್ತದೆ. ನಡುವೆ ಡಿಲೇ ಆಬ್ಜೆಕ್ಟ್‌ಗಳ ಜೋಡಿಯನ್ನಿಟ್ಟು ಆ ಸುತ್ತನ್ನು ಮುರಿಯಬೇಕು. ಸಂದೇಶಗಳೇ ಹೀಗೆ ಕೊನೆಯಿಲ್ಲದೆ ಸುತ್ತಿದರೆ ‘ಸ್ಟ್ಯಾಕ್ ಓವರ್‌ಫ್ಲೋ’ ಆಗುತ್ತದೆ. ಚೌಕದ ಒಂದೇ ಔಟ್‌ಲೆಟ್‌ನಿಂದ, ಅಂದರೆ ಹೊರದಾರಿಯಿಂದ, ಹಲವು ಗೆರೆ ಹೊರಟಾಗ, ಯಾವುದು ಮೊದಲು ಎಂಬುದು ಅವನ್ನು ಎಳೆದ ಕ್ರಮದ ಮೇಲೆ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ‘ಟ್ರಿಗರ್’ ಆಬ್ಜೆಕ್ಟ್ ಬಲದಿಂದ ಎಡಕ್ಕೆ ಸಂದೇಶ ಕಳಿಸಿ ಈ ಗೊಂದಲ ತಪ್ಪಿಸುತ್ತದೆ. ‘ಫೈಂಡ್ ಲಾಸ್ಟ್ ಎರರ್’ ಆಜ್ಞೆ ದೋಷವಿರುವ ಚೌಕವನ್ನೇ ತೋರಿಸುತ್ತದೆ.

ಪಿಡಿ ತೆರೆದ ಕೂಡಲೇ ಮುಚ್ಚಿಕೊಂಡರೆ, ಟರ್ಮಿನಲ್‌ನಿಂದ ‘ನೋಪ್ರೆಫ್ಸ್’ ಆಯ್ಕೆಯೊಂದಿಗೆ ಅದನ್ನು ಆರಂಭಿಸಿ ಹಳೆಯ ಸೆಟ್ಟಿಂಗ್‌ಗಳನ್ನು ಬದಿಗಿಡಬಹುದು. ಇದರಿಂದ ಪ್ಯಾಚ್‌ಗಳಿಗೆ ಏನೂ ಆಗುವುದಿಲ್ಲ. ಅವು ಪ್ರತ್ಯೇಕವಾಗಿ ಉಳಿಸಿದ ಸರಳ ಪಠ್ಯ ಕಡತಗಳು, ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದು.