ಹಳೇ ಡೀಸೆಲ್ ಪಿಕಪ್‌ಗೆ ಟ್ಯೂನಿಂಗ್: ದುಡ್ಡು ಕೊಡೋ ಮುಂಚೆ ಗೊತ್ತಿರಬೇಕಾದ ವಿಷಯಗಳು

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡವರು ಸ್ವಲ್ಪ ದಿನಕ್ಕೇ ಹೇಳೋ ಮಾತು, "ಲೋಡ್ ಹಾಕಿದ್ರೆ ಗಾಡಿ ಎಳೆಯಲ್ಲ." ಮಂಡಿಗೆ ತರಕಾರಿ ಒಯ್ಯೋ ಗಾಡಿಯಾಗಲಿ, ಅಂಗಡಿಗೆ ಸಿಮೆಂಟ್, ಹಿಂಡಿ ಚೀಲ ತರೋ ಗಾಡಿಯಾಗಲಿ, ಏರು ಬಂದ ಕೂಡಲೇ ಗೇರ್ ಇಳಿಸಬೇಕಾಗುತ್ತೆ. ಆಗ ಯಾರಾದರೂ ಒಬ್ಬರು "ಟ್ಯೂನಿಂಗ್ ಮಾಡಿಸಿ, ಚಿಪ್ ಹಾಕಿಸಿ, ಹೊಸ ಗಾಡಿ ತರ ಓಡುತ್ತೆ" ಅಂತಾರೆ. ಈ ಟ್ಯೂನಿಂಗ್ ಏನು, ಅದರಿಂದ ಏನಾಗುತ್ತೆ, ಕಾನೂನು ಏನು ಹೇಳುತ್ತೆ ಎಂಬ ಮಾಹಿತಿ ಇಲ್ಲಿದೆ.

ಟ್ಯೂನಿಂಗ್‌ನಲ್ಲಿ ಮೂರು ಬಗೆ

1. ಪಂಪ್ ಸ್ಕ್ರೂ ತಿರುಗಿಸೋದು: ಕಂಪ್ಯೂಟರ್ ಇಲ್ಲದ ಹಳೇ ಎಂಜಿನ್‌ಗಳಲ್ಲಿ ಡೀಸೆಲ್ ಪಂಪ್ ಸೆಟ್ಟಿಂಗ್ ಬದಲಿಸಿ ಹೆಚ್ಚು ಡೀಸೆಲ್ ಬಿಡ್ತಾರೆ. ಗಾಳಿ ಹೆಚ್ಚಾಗದೆ ಡೀಸೆಲ್ ಮಾತ್ರ ಹೆಚ್ಚಾದರೆ ಕಪ್ಪು ಹೊಗೆ ಹೆಚ್ಚಾಗುತ್ತೆ.

2. ಟ್ಯೂನಿಂಗ್ ಬಾಕ್ಸ್: ಕಾಮನ್ ರೈಲ್ ಎಂಜಿನ್‌ನ ಸೆನ್ಸರ್ ವೈರಿಗೆ ಸಿಕ್ಕಿಸೋ ಸಣ್ಣ ಡಬ್ಬಿ. ಇದು ಡೀಸೆಲ್ ಒತ್ತಡ ಕಮ್ಮಿ ಇದೆ ಅಂತ ಇಸಿಯುಗೆ, ಅಂದರೆ ಗಾಡಿಯ ಕಂಪ್ಯೂಟರಿಗೆ, ಸುಳ್ಳು ಸಿಗ್ನಲ್ ಕೊಡುತ್ತೆ. ಅದನ್ನ ನಂಬಿ ಇಸಿಯು ಒತ್ತಡ ಏರಿಸುತ್ತೆ.

3. ರೀಮ್ಯಾಪ್: ಇಸಿಯು ಒಳಗಿನ ಪ್ರೋಗ್ರಾಂ ಅನ್ನೇ ಬದಲಿಸೋದು. ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಟರ್ಬೊ ಎಷ್ಟು ಗಾಳಿ ಒತ್ತಬೇಕು ಎಂಬುದೆಲ್ಲ ಬದಲಾಗುತ್ತೆ. ಮೂರರಲ್ಲಿ ಹೆಚ್ಚು ಲೆಕ್ಕಾಚಾರದ ಕೆಲಸ ಇದೇ.

ಹೆಚ್ಚಿನ ಶಕ್ತಿ ಎಲ್ಲಿಂದ ಬರುತ್ತೆ?

ಕಂಪನಿಯವರು ಎಂಜಿನ್‌ನ ಪೂರ್ತಿ ತಾಕತ್ತು ಹೊರಗೆ ತೆಗೆಯಲ್ಲ. ಬಿಸಿಲು, ಓವರ್‌ಲೋಡ್, ಲೇಟಾಗೋ ಸರ್ವಿಸ್, ಕಲಬೆರಕೆ ಡೀಸೆಲ್ ಎಲ್ಲವನ್ನೂ ತಡೆಯಲಿ ಅಂತ ಸ್ವಲ್ಪ ಮಿಕ್ಕಿಸಿ ಇಟ್ಟಿರ್ತಾರೆ. ಟ್ಯೂನಿಂಗ್ ಅಂದ್ರೆ ಆ ಉಳಿತಾಯವನ್ನ ಖರ್ಚು ಮಾಡೋದು. ಒಂದೂವರೆ, ಎರಡು ಲಕ್ಷ ಕಿ.ಮೀ. ಓಡಿದ ಗಾಡಿಯಲ್ಲಿ ಅದರ ಬಹುಪಾಲು ಸವೆದೇ ಹೋಗಿರುತ್ತೆ. ಮೇಲೆ ಇನ್ನೂ ಬಿಸಿ, ಇನ್ನೂ ಒತ್ತಡ ಹಾಕಿದರೆ ಮೊದಲು ಕ್ಲಚ್ ಜಾರುತ್ತೆ. ಆಮೇಲೆ ಟರ್ಬೊ, ಹೆಡ್ ಗ್ಯಾಸ್ಕೆಟ್, ಪಿಸ್ಟನ್‌ಗೆ ತೊಂದರೆ ಬರಬಹುದು.

ಮೊದಲು ಇವನ್ನ ನೋಡಿಸಿ

ಎಳೆಯದ ಗಾಡಿಗೆ ಬಹಳ ಸಲ ಬೇಕಾಗಿರೋದು ಟ್ಯೂನಿಂಗ್ ಅಲ್ಲ, ರಿಪೇರಿ.

- ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆಯಾ?
- ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೋ ಪೈಪ್ ಸೀಳಿದೆಯಾ? ಎಳೆಯುವಾಗ "ಸುಯ್" ಅಂತ ಗಾಳಿ ಸದ್ದು ಬಂದರೆ ಅನುಮಾನ ಪಡಿ.
- ಇಜಿಆರ್ ವಾಲ್ವ್ ಮಸಿ ತುಂಬಿ ಸಿಕ್ಕಿಹಾಕಿಕೊಂಡಿದೆಯಾ?
- ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿದೆಯಾ? ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಕೊಡ್ತಾರೆ.
- ಕ್ಲಚ್ ಜಾರುತ್ತಿದೆಯಾ, ಬ್ರೇಕ್ ಹಿಡಿದುಕೊಂಡೇ ಇದೆಯಾ?
- ಕಂಪ್ರೆಷನ್ ಸರಿ ಇದೆಯಾ? ಗಾಡಿ ಸ್ಟಾರ್ಟ್ ಇದ್ದಾಗ ಆಯಿಲ್ ಕ್ಯಾಪ್ ತೆಗೆದರೆ ರಭಸವಾಗಿ ಹೊಗೆ ಉಗುಳಿದರೆ ರಿಂಗ್ ಸವೆದಿರೋ ಸಾಧ್ಯತೆ ಇದೆ.

ಹೊಗೆ ಬಣ್ಣವೂ ಸುಳಿವು ಕೊಡುತ್ತೆ. ಕಪ್ಪು ಹೊಗೆ ಅಂದ್ರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿ ಅಂದ್ರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಕೂಲಂಟ್ ಒಳಗೆ ಸೋರುತ್ತಿದೆ.

ಬಿಎಸ್6 ಗಾಡಿ ಇದ್ದರೆ

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಜಾರಿಯಲ್ಲಿದೆ. ಈ ಡೀಸೆಲ್ ಗಾಡಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಲು ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ದಿನವೂ ಪೇಟೆಯೊಳಗೆ ಎರಡು ಮೂರು ಕಿ.ಮೀ. ಓಡಾಡೋ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತೆ, ಲೈಟ್ ಉರಿಯುತ್ತೆ, ಶಕ್ತಿ ಇಳಿಯುತ್ತೆ. ಇದಕ್ಕೆ "ಡಿಪಿಎಫ್ ತೆಗೆದುಬಿಡೋಣ" ಅಂತ ಸಲಹೆ ಕೊಡೋರಿದ್ದಾರೆ. ಒಪ್ಪಬೇಡಿ. ಲೈಟ್ ಬಂದ ಕೂಡಲೇ ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿ. ಹೋಗದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕ್ಲೀನ್ ಮಾಡಿಸಿ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅನುಮತಿ ಇಲ್ಲದ ಮಾರ್ಪಾಡಿಗೆ ಸೆಕ್ಷನ್ 182ಎ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಹೊಗೆ ಮಿತಿ ಮೀರಿದರೆ ಸೆಕ್ಷನ್ 190(2) ಬೇರೆ ಇದೆ. ಮಾರ್ಪಾಡು ತಿಳಿಸದೇ ಇದ್ದರೆ ಇನ್ಶೂರೆನ್ಸ್ ಕ್ಲೇಮ್‌ಗೂ ತಕರಾರು ಬರಬಹುದು.

ಇನ್ನೊಂದು ವಿಷಯ: ಎಂಜಿನ್ ಶಕ್ತಿ ಹೆಚ್ಚಾದರೂ ಲೋಡ್ ಮಿತಿ ಹೆಚ್ಚಾಗಲ್ಲ. ಪಟ್ಟಾ, ಆಕ್ಸಲ್, ಟೈರ್, ಬ್ರೇಕ್ ಎಲ್ಲ ಹಳೆಯವೇ. ಓವರ್‌ಲೋಡ್‌ಗೆ ಕೇಂದ್ರ ಕಾಯ್ದೆಯಲ್ಲಿ 20,000 ರೂ., ಮೇಲಿನ ಪ್ರತಿ ಟನ್ನಿಗೆ 2,000 ರೂ. ದಂಡ ಇದೆ. ಏರು ಹತ್ತಿಸೋ ಶಕ್ತಿ ಬಂದ ಗಾಡಿ ಇಳಿಜಾರಲ್ಲಿ ನಿಲ್ಲಲೂ ಬೇಕು.

ಟ್ಯೂನಿಂಗ್‌ನವರನ್ನ ಕೇಳಬೇಕಾದ್ದು

- ಮೂಲ ಫೈಲ್ ನಕಲು ನನಗೆ ಕೊಡ್ತೀರಾ? ಬೇಡ ಅಂದ್ರೆ ವಾಪಸ್ ಹಾಕಿಕೊಡ್ತೀರಾ?
- ಮುಂಚೆ ಮತ್ತು ಆಮೇಲೆ ಡೈನೊ ಮೇಲೆ ಅಳತೆ ತೋರಿಸ್ತೀರಾ?
- ಪಿಯುಸಿ ಪಾಸಾಗುತ್ತಾ? ಬರೆದುಕೊಡ್ತೀರಾ?
- ಎಂಜಿನ್ ಹೋದರೆ ಜವಾಬ್ದಾರಿ ಯಾರದು?

ಉತ್ತರ ಬಾಯಿಮಾತಲ್ಲೇ ಮುಗಿದರೆ, ಬಿಲ್ ಕೊಡಲ್ಲ ಅಂದರೆ, ವಾಪಸ್ ಬನ್ನಿ.

ಹಳೇ ಪಿಕಪ್ ಕೊಳ್ಳೋರಿಗೆ

ಮುಂಚಿನ ಮಾಲೀಕರು ಟ್ಯೂನಿಂಗ್ ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ. ಬಾನೆಟ್ ಎತ್ತಿ ಕತ್ತರಿಸಿ ಟೇಪ್ ಸುತ್ತಿದ ವೈರ್, ಹೆಚ್ಚುವರಿ ಡಬ್ಬಿ ಇದೆಯಾ ನೋಡಿ. ಸೈಲೆನ್ಸರ್ ಪೈಪ್‌ನಲ್ಲಿ ಹೊಸ ವೆಲ್ಡಿಂಗ್ ಇದ್ದರೆ ಡಿಪಿಎಫ್ ಖಾಲಿ ಮಾಡಿರಬಹುದು. ಸ್ಕ್ಯಾನರ್ ಹಾಕಿಸಿ, ಹೊಸದಾಗಿ ಪಿಯುಸಿ ಟೆಸ್ಟ್ ಮಾಡಿಸಿ, ಆಮೇಲೆ ಅಡ್ವಾನ್ಸ್ ಕೊಡಿ. ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನದಿಂದ ಗಾಡಿಯ ಹೊಗೆಗೂ ದಂಡಕ್ಕೂ ನೀವೇ ಉತ್ತರ ಕೊಡಬೇಕು.