ಒಲೆ ಬದಲಾದರೆ ಕೂಸಿನ ತೂಕ ಹೆಚ್ಚುವುದೇ? ಗರ್ಭಾವಸ್ಥೆಯ ಹೊಗೆ ಮತ್ತು ಹ್ಯಾಪಿನ್ ಪ್ರಯೋಗದ ಮರುಓದು

ಗರ್ಭಿಣಿ ಉಸಿರಾಡುವ ಗಾಳಿಗೂ ಮಗುವಿನ ಜನನತೂಕಕ್ಕೂ ನಂಟಿದೆ ಎಂಬುದನ್ನು ಹಲವು ದೇಶಗಳ ಅವಲೋಕನಾ ಅಧ್ಯಯನಗಳು ತೋರಿಸಿವೆ. ಆದರೆ ಸೌದೆ ಒಲೆ ಉರಿಯುವುದು ಬಹುಪಾಲು ಬಡವರ ಮನೆಗಳಲ್ಲಿ. ಅಲ್ಲಿ ರಕ್ತಹೀನತೆ, ಅರೆಹೊಟ್ಟೆ, ಮೈಮುರಿಯುವ ದುಡಿಮೆ ಎಲ್ಲವೂ ಹೊಗೆಯ ಜೊತೆಗೇ ಇರುತ್ತವೆ. ಕೂಸಿನ ತೂಕ ಇಳಿಯಲು ಇವುಗಳಲ್ಲಿ ಯಾವುದು ಎಷ್ಟು ಹೊಣೆ ಎಂದು ಬಿಡಿಸಿ ನೋಡಲು ಯಾದೃಚ್ಛಿಕ ಪ್ರಯೋಗವೇ ಬೇಕು.

ಹ್ಯಾಪಿನ್ ಅಂಥ ಪ್ರಯೋಗ. 2018ರಿಂದ 2020ರ ನಡುವೆ ಭಾರತ, ಗ್ವಾಟೆಮಾಲ, ಪೆರು, ರುವಾಂಡಾಗಳಲ್ಲಿ 3,200 ಗರ್ಭಿಣಿಯರನ್ನು ಸೇರಿಸಿಕೊಂಡರು. ಭಾರತದ ಕೇಂದ್ರಗಳಿದ್ದದ್ದು ತಮಿಳುನಾಡಿನಲ್ಲಿ. ಒಂದು ಗುಂಪಿಗೆ ಗ್ಯಾಸ್ ಒಲೆಯೂ ಉಚಿತ ಸಿಲಿಂಡರೂ ಸಿಕ್ಕವು, ಇನ್ನೊಂದು ಗುಂಪು ಎಂದಿನಂತೆ ಸೌದೆ ಉರಿಸಿತು. ಪಿಎಂ 2.5 ಕಣಗಳಿಗೆ ಒಡ್ಡಿಕೊಳ್ಳುವಿಕೆಯ ಮಧ್ಯಾಂಕ ಘನ ಮೀಟರಿಗೆ ಗ್ಯಾಸ್ ಗುಂಪಿನಲ್ಲಿ 23.9 ಮೈಕ್ರೋಗ್ರಾಂ, ಸೌದೆ ಗುಂಪಿನಲ್ಲಿ 70.7. ಹೊಗೆ ಇಷ್ಟು ಇಳಿದರೂ ಸರಾಸರಿ ಜನನತೂಕ ಕ್ರಮವಾಗಿ 2,921 ಮತ್ತು 2,898 ಗ್ರಾಂ; ಹೊಂದಾಣಿಕೆಯ ನಂತರದ ಅಂತರ 19.8 ಗ್ರಾಂ. ವಿಶ್ವಾಸ ವ್ಯಾಪ್ತಿ ಸೊನ್ನೆಯನ್ನು ಒಳಗೊಂಡಿದ್ದರಿಂದ ಫಲಿತಾಂಶವನ್ನು ಪರಿಣಾಮ ಕಾಣದ್ದೆಂದು ದಾಖಲಿಸಲಾಯಿತು.

ಇದನ್ನು ‘ಹೊಗೆಯಿಂದ ತೊಂದರೆಯಿಲ್ಲ’ ಎಂದು ಓದುವುದು ಅವಸರದ ಓದು. ಬೀಜಿಂಗ್‌ನಲ್ಲಿ 2008ರ ಒಲಿಂಪಿಕ್ಸ್‌ಗಾಗಿ ಕಾರ್ಖಾನೆ, ವಾಹನಗಳಿಗೆ ಕಡಿವಾಣ ಹಾಕಿದಾಗ, ಆ ಅವಧಿಯಲ್ಲಿ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಮಕ್ಕಳು 2007 ಮತ್ತು 2009ರ ಅದೇ ದಿನಗಳ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು. 23 ಮತ್ತು 19.8 ಗ್ರಾಂ ಹೆಚ್ಚುಕಡಿಮೆ ಒಂದೇ. ಬೀಜಿಂಗ್ ಅಧ್ಯಯನದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನನಗಳಿದ್ದವು; ಅಷ್ಟು ದೊಡ್ಡ ಗುಂಪಿನಲ್ಲಿ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಎರಡೂ ಕಡೆ ಅಳೆದದ್ದು ಒಂದೇ ಬಗೆಯ ಕಲುಷಿತ ಗಾಳಿಯನ್ನಲ್ಲ, ನಿಜ. ಆದರೂ ಈ ಫಲಿತಾಂಶಗಳು ಪರಸ್ಪರ ವಿರುದ್ಧ ಎನ್ನಲು ನನಗೆ ಆಧಾರ ಕಾಣುವುದಿಲ್ಲ.

ಇನ್ನೊಂದು ಪ್ರಶ್ನೆ ಸಮಯದ್ದು. ಹ್ಯಾಪಿನ್‌ಗೆ ಸೇರುವಾಗ ಗರ್ಭಕ್ಕೆ 9ರಿಂದ 20 ವಾರ ತುಂಬಿರುತ್ತಿತ್ತು. ಜರಾಯುವಿನ ಕೋಶಗಳು ಗರ್ಭಕೋಶದ ಸುರುಳಿ ಅಪಧಮನಿಗಳನ್ನು ಹಿಗ್ಗಿಸಿ ಕೂಸಿಗೆ ರಕ್ತದ ದಾರಿ ಮಾಡುವ ಕೆಲಸ ಬಹುಮಟ್ಟಿಗೆ ಗರ್ಭಾವಸ್ಥೆಯ ಮೊದಲರ್ಧದಲ್ಲೇ ನಡೆಯುತ್ತದೆ. ಅದು ಅರೆಬರೆಯಾದರೆ ಮುಂದೆ ತಾಯಿಗೆ ಪ್ರಿಎಕ್ಲಾಂಪ್ಸಿಯಾ (ರಕ್ತದೊತ್ತಡ ಏರುವ ಗರ್ಭಕಾಲದ ತೊಡಕು), ಮಗುವಿಗೆ ಕುಂಠಿತ ಬೆಳವಣಿಗೆ. ಅಂದರೆ ಗ್ಯಾಸ್ ಒಲೆ ಬರುವ ಹೊತ್ತಿಗೆ ತಡವಾಗಿದ್ದಿರಬಹುದು. ಜೊತೆಗೆ ಗರ್ಭಿಣಿ ನಿಮಿಷಕ್ಕೆ ಒಳಗೆಳೆಯುವ ಗಾಳಿಯೇ ಸುಮಾರು 40 ಪ್ರತಿಶತ ಹೆಚ್ಚುತ್ತದೆ. ಗಾಳಿ ಹೆಚ್ಚಿದಷ್ಟೂ ಕಣಗಳೂ ಹೆಚ್ಚು. ಆ ಕಣಗಳು ಶ್ವಾಸಕೋಶದಲ್ಲೇ ಉಳಿಯುವುದಿಲ್ಲ: ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಜರಾಯುವಿನ ಭ್ರೂಣದ ಬದಿಯಲ್ಲೇ ಕಪ್ಪು ಇಂಗಾಲದ ಕಣಗಳನ್ನು ಗುರುತಿಸಿದರು. ಬೀಜಿಂಗ್‌ನ ಎಂಟನೇ ತಿಂಗಳು ಈ ವಾದಕ್ಕೆ ತೊಡಕು ಎಂಬುದನ್ನು ಒಪ್ಪಲೇಬೇಕು. ಅಪಾಯದ ಕಾಲ ಒಂದೇ ಇರಲಾರದು.

ಹೊಗೆ ಎಷ್ಟರಮಟ್ಟಿಗೆ ಇಳಿಯಿತು ಎಂಬುದೂ ಗಮನಾರ್ಹ. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವಾರ್ಷಿಕ ಮಾರ್ಗಸೂಚಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಗ್ಯಾಸ್ ಗುಂಪಿನ ಮಧ್ಯಾಂಕವೂ ಅದರ ಐದು ಪಟ್ಟಿನ ಹತ್ತಿರ.

ಕರ್ನಾಟಕದಲ್ಲಿ ಇಂಥ ಪ್ರಯೋಗ ನಡೆಸುವವರು ಬಚ್ಚಲ ಒಲೆಯನ್ನು ಮರೆಯಬಾರದು. ಅಡುಗೆಗೆ ಏನು ಉರಿಸುತ್ತೀರಿ ಎಂದು ಕೇಳಿದರೆ ‘ಗ್ಯಾಸು’ ಎನ್ನುವ ಮನೆಯಲ್ಲೂ ಹಂಡೆಯ ಕೆಳಗೆ ಕಟ್ಟಿಗೆ, ತೆಂಗಿನ ಗರಿ ಉರಿಯುತ್ತಿರಬಹುದು. ಆದ್ದರಿಂದ ಇಂಧನದ ಪ್ರಶ್ನಾವಳಿಗಿಂತ ಮೈಮೇಲೆ ಧರಿಸುವ ಮಾಪಕವೇ ನಂಬಲರ್ಹ. ಗರ್ಭ ನಿಂತ ಮೇಲೆ ಹುಡುಕುವ ಬದಲು ಆಶಾ ಕಾರ್ಯಕರ್ತೆಯರ ಅರ್ಹ ದಂಪತಿಗಳ ಪಟ್ಟಿಯಿಂದಲೇ ಮಹಿಳೆಯರನ್ನು ಸೇರಿಸಿಕೊಂಡರೆ, ಮೊದಲ ವಾರಗಳ ಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ.